ಒಂದು ತಂತಿಯ ತಕರಾರು

ಕಲಬುರಗಿ ಸೀಮೆಯ ಹಳೆಯ ಮನೆಗಳನ್ನು ಕಟ್ಟಿದವರು ಬೇಸಗೆಯನ್ನೂ ಕಳ್ಳರನ್ನೂ ಎಣಿಕೆಗೆ ತೆಗೆದುಕೊಂಡಿದ್ದರೇ ಹೊರತು ರೇಡಿಯೋ ಅಲೆಗಳನ್ನಲ್ಲ. ಎರಡಡಿ ದಪ್ಪದ ಕಲ್ಲುಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಕಾಲಡಿಗೆ ಶಹಾಬಾದದ ಪರಸಿ. ಹೊರಗೆ ಬಿಸಿಲು 42 ಡಿಗ್ರಿಯನ್ನು ಮುಟ್ಟಿದಾಗಲೂ ಒಳಗೆ ನಡುಹಗಲಿನ ನಿದ್ರೆಗೆ ಭಂಗವಿಲ್ಲ. ಬೆಂಗಳೂರಿನ ನಾಲ್ಕಂಗುಲದ ಇಟ್ಟಿಗೆ ಗೋಡೆಯ ಮನೆಗಳಲ್ಲಿ ಇರುವ ವಾಚಕರಿಗೆ ಈ ಸುಖದ ಕಲ್ಪನೆ ಬರುವುದು ಕಷ್ಟ. ಆದರೆ ಆ ಮನೆಗಳಲ್ಲಿ ಅಡಿಗೆಮನೆಯಿಂದ ಮಲಗುವ ಕೋಣೆಯವರೆಗೆ ಸಲೀಸಾಗಿ ಹಾಯುವ ವೈಫೈ ಎಂಬ ಅದೃಶ್ಯ ವಸ್ತು, ಇಂಥ ಗೋಡೆಯ ಮುಂದೆ ಬಂದು ನಿಂತರೆ ಬಾಗಿಲು ತೆರೆಯದ ಮನೆಯ ಮುಂದಿನ ಬೀಗರಂತೆ ಹಿಂದಿರುಗಿ ಹೋಗುತ್ತದೆ. ಆಗ ಮನುಷ್ಯ ತಂತಿಯನ್ನೇ ಶರಣು ಹೋಗಬೇಕು.

ಆಳಂದ ತಾಲೂಕಿನ ಕಿಣ್ಣಿ ಸುಲ್ತಾನದಲ್ಲಿ ಇಂಥದೊಂದು ಮನೆ. ಊರಿನ ಹೆಸರಿನಲ್ಲಿ ಸುಲ್ತಾನನಿದ್ದರೂ ಸುತ್ತಲೆಲ್ಲ ಆಳುವುದು ಕರಿಯ ನೆಲ ಮತ್ತು ತೊಗರಿ. ಮನೆಯ ಯಜಮಾನರು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕರು. ಊರವರಿಗೆ ಈಗಲೂ ‘ಮಾಸ್ತರರು’. ಅವರ ಪಡಸಾಲೆಯಲ್ಲಿ ಒಂದು ಹಳೆಯ ಗಣಕಯಂತ್ರ. ಒಳಗೋಡೆಯಾಚೆಯ ಕೋಣೆಯಲ್ಲಿ ಈಚೆಗೆ ಬಂದ ಇನ್ನೊಂದು. ಎರಡರಲ್ಲೂ ಲಿನಕ್ಸ್. ಹಳ್ಳಿಯ ಮನೆಗೆ ಲಿನಕ್ಸ್ ಏಕೆಂದು ಹುಬ್ಬೇರಿಸಬೇಕಾಗಿಲ್ಲ. ಹಳೆಯ ಎತ್ತಿಗೆ ಹೊಸ ಬಂಡಿಯ ಭಾರ ತಾಳದು. ಹಣ ಕೊಟ್ಟು ಕೊಳ್ಳುವ ವ್ಯವಸ್ಥೆಗಳ ಹೊಸ ಹೊಸ ಆವೃತ್ತಿಗಳನ್ನು ಹೊರಲಾರದೆ ಕುಸಿದಿದ್ದ ಯಂತ್ರಕ್ಕೆ, ಕಾಸಿಲ್ಲದೆ ದೊರೆಯುವ ಈ ಹಗುರಾದ ವ್ಯವಸ್ಥೆ ಪುನರ್ಜನ್ಮ ಕೊಟ್ಟಿತ್ತು. 1991ರಲ್ಲಿ ಹೆಲ್ಸಿಂಕಿಯಲ್ಲಿ 21 ವರುಷದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಹವ್ಯಾಸಕ್ಕೆಂದು ಬರೆಯತೊಡಗಿದ್ದು, ಮೂರು ದಶಕ ಕಳೆಯುವಷ್ಟರಲ್ಲಿ ತೊಗರಿ ನಾಡಿನ ಪಡಸಾಲೆಗೂ ಬಂದಿದೆ. ಕನ್ನಡ ಬರೆಯುವುದಕ್ಕೂ ತೊಂದರೆಯಿಲ್ಲ. ಲಿನಕ್ಸಿನ ಕೀಲಿಮಣೆಗಳ ಪಟ್ಟಿಯಲ್ಲಿ ‘ಕಗಪ’ ಎಂಬ ಹೆಸರೇ ಇದೆ. ಕೆ. ಪಿ. ರಾಯರು ಹಾಕಿಕೊಟ್ಟ ಜೋಡಣೆ ಅದು. ಪರದೇಶದ ಪಟ್ಟಿಗಳ ನಡುವೆ ಆ ಮೂರಕ್ಷರ ಕಂಡ ದಿನ ಮಾಸ್ತರರು ಹೆಂಡತಿಯನ್ನು ಕರೆದು ತೋರಿಸಿದ್ದರು. ಆಕೆ ಒಲೆಯ ಮೇಲಿನ ಹಾಲಿನ ನೆಪ ಹೇಳಿ ಹೋದರು.

ಹಳೆಯ ಯಂತ್ರದೊಳಗೆ ಇದ್ದದ್ದು ಹಣಕ್ಕೆ ಸಿಕ್ಕುವ ವಸ್ತುವಲ್ಲ. ಮಾಸ್ತರರ ತಾಯಿ ಬೀಸುವ ಕಲ್ಲಿನ ಮುಂದೆ ಕುಳಿತು ಹಾಡುತ್ತಿದ್ದ ಪದಗಳನ್ನು ಅವರು ಒಂದು ಕಾಲದಲ್ಲಿ ಕ್ಯಾಸೆಟ್ಟಿಗೆ ತುಂಬಿಸಿಕೊಂಡಿದ್ದರು. ಒಟ್ಟು 63 ಪದಗಳು. ಅರವತ್ತಮೂರು ಪುರಾತನರ ಲೆಕ್ಕಕ್ಕೆ ಸರಿಯಾಯಿತೆಂದು ನಗುತ್ತಿದ್ದರು. ತಾಯಿ ಹೋದರು. ಕ್ಯಾಸೆಟ್ಟುಗಳಿಗೆ ಬೂಷ್ಟು ಬರತೊಡಗಿದಾಗ ಪದಗಳನ್ನು ಗಣಕಕ್ಕೆ ಏರಿಸಿದರು. ಆಮೇಲೆ ಕ್ಯಾಸೆಟ್ಟುಗಳೂ ಹೋದವು. ಉಳಿದದ್ದು ಆ ಯಂತ್ರದ ಡಿಸ್ಕಿನಲ್ಲಿದ್ದ ಪ್ರತಿ ಒಂದೇ. ಈಚಿನ ಒಂದು ಮಳೆಗಾಲದಲ್ಲಿ ಡಿಸ್ಕು ಟಕ್ ಟಕ್ ಎಂದು ಸದ್ದು ಮಾಡತೊಡಗಿತು. ಬಲ್ಲವರಿಗೆ ಆ ಸದ್ದಿನ ಅರ್ಥ ಗೊತ್ತು. ತಟ್ಟೆಯ ಮೇಲಿನ ಗುರುತನ್ನು ಹುಡುಕಿ ಹುಡುಕಿ ಸಿಕ್ಕದೆ, ಓದುವ ಮೊನೆ ಮತ್ತೆ ಮತ್ತೆ ಹಿಂದಕ್ಕೆ ಬರುವ ಸದ್ದು ಅದು. ಯಂತ್ರಕ್ಕೆ ಬಂದ ಊರ್ಧ್ವಶ್ವಾಸ.

ಪೆನ್‌ಡ್ರೈವಿಗೆ ಹಾಕಿಕೊಳ್ಳಬಾರದಿತ್ತೇ ಎಂದು ವಾಚಕರು ಕೇಳಬಹುದು. ಹಳೆಯ ಯಂತ್ರದ ಕಿಂಡಿಗಳು ಒಂದೊಂದಾಗಿ ಕೈಕೊಟ್ಟಿದ್ದವು. ಉಳಿದ ಒಂದಕ್ಕೆ ಏನಾದರೂ ಚುಚ್ಚಿದರೆ ಇಡೀ ಯಂತ್ರವೇ ಸ್ತಬ್ಧವಾಗುತ್ತಿತ್ತು. ಡಿಸ್ಕನ್ನು ಬಿಚ್ಚಿ ಪಟ್ಟಣದ ಅಂಗಡಿಯಲ್ಲಿ ವಾರವಿಟ್ಟು ಬರಲು ಮಾಸ್ತರರ ಮನಸ್ಸು ಒಪ್ಪಲಿಲ್ಲ. ಉಳಿದದ್ದು ಒಂದೇ ದಾರಿ: ಎರಡು ಯಂತ್ರಗಳ ನಡುವೆ ತಂತಿ ಎಳೆದು ಇದರಿಂದ ಅದಕ್ಕೆ ಸಾಗಿಸುವುದು. ಆಳಂದದಲ್ಲಿ 15 ಮೀಟರ್ ತಂತಿ ಕೊಂಡು, ಎರಡೂ ತುದಿಗೆ ಅಲ್ಲಿಯೇ ಪ್ಲಗ್ಗು ಕೂಡಿಸಿಕೊಂಡು ತಂದರು. ಬಾಗಿಲ ಮೇಲಿನ ಗವಾಕ್ಷಿಯಲ್ಲಿ ತೂರಿಸಿ ಎರಡು ಕಡೆಗೂ ಚುಚ್ಚಿದರು. ಏನೂ ಆಗಲಿಲ್ಲ.

ತಂತಿಯ ಈ ಏರ್ಪಾಟಿನ ಹೆಸರು ಈಥರ್ನೆಟ್. 1973ರಲ್ಲಿ ಝೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್ ಇದನ್ನು ರೂಪಿಸಿದಾಗ, ಬೆಳಕು ಹರಿಯಲು ಆಧಾರವೆಂದು ಹಿಂದಿನ ವಿಜ್ಞಾನಿಗಳು ಊಹಿಸಿದ್ದ ‘ಈಥರ್’ ಎಂಬ ಸರ್ವವ್ಯಾಪಿ ದ್ರವ್ಯದ ಹೆಸರನ್ನು ಇಟ್ಟರು. ನಮ್ಮವರಾಗಿದ್ದರೆ ‘ಆಕಾಶ’ವೆನ್ನುತ್ತಿದ್ದರು. ಇಲ್ಲದ ವಸ್ತುವೆಂದು ಭೌತಶಾಸ್ತ್ರ ಕೈಬಿಟ್ಟ ಹೆಸರು ಹೀಗೆ ಕೈಯಲ್ಲಿ ಹಿಡಿದು ಎಳೆಯಬಹುದಾದ ತಂತಿಗೆ ಬಂದು ಅಂಟಿಕೊಂಡಿದೆ.

ಮಾಸ್ತರರ ಮೊಮ್ಮಗಳು ಅದೇ ತಾಲೂಕಿನ ಕಡಗಂಚಿಯಲ್ಲಿ, 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಳು. ಪರೀಕ್ಷೆಯ ಕಾಲವಾದ್ದರಿಂದ ಬರುವಂತಿರಲಿಲ್ಲ. ದೂರವಾಣಿಯಲ್ಲೇ ಚಿಕಿತ್ಸೆ ನಡೆಯಬೇಕಾಯಿತು.

“ಮುತ್ಯಾ, ಮೊದಲು ದೀಪ ನೋಡು. ತಂತಿ ಚುಚ್ಚೋ ಜಾಗದಾಗ ಹಸರ ದೀಪ ಹತ್ಯಾದೇನು?”

“ಹಸರೂ ಇಲ್ಲ, ಕೆಂಪೂ ಇಲ್ಲವ್ವಾ. ಎರಡೂ ಕಡಿ ಅಮಾಸಿ ಆಗ್ಯಾದ.”

“ಹಂಗಾದ್ರ ಮತ್ತೇನೂ ಮುಟ್ಟಬ್ಯಾಡ. ತಂತಿ ನೋಡು.”

ಅವಳು ಹೇಳಿದ ಕ್ರಮ ಅತ್ಯಂತ ಸರಳವಾದದ್ದು. ಹೊಲದ ಪಂಪ್‌ಸೆಟ್ಟು ನೀರೆತ್ತದಿದ್ದರೆ ಯಾವ ಒಕ್ಕಲಿಗನೂ ಅನುಸರಿಸುವಂಥದು. ಅವನು ಮೊದಲು ಕರೆಂಟು ಇದೆಯೇ ಎಂದು ನೋಡುತ್ತಾನೆ. ಆಮೇಲೆ ಸ್ಟಾರ್ಟರು, ಆಮೇಲೆ ಮೋಟಾರು, ಆಮೇಲೆ ಬಾವಿಗಿಳಿದು ಫುಟ್‌ವಾಲ್ವು. ಕರೆಂಟೇ ಇಲ್ಲದಾಗ ಪೈಪು ಬಿಚ್ಚುವವನನ್ನು ಊರು ನಗುತ್ತದೆ. ಗಣಕದ ಮುಂದೆ ಮಾತ್ರ ವಿದ್ಯಾವಂತರೂ ಕರೆಂಟು ನೋಡದೆ ಪೈಪು ಬಿಚ್ಚುತ್ತಾರೆ. ಹೊಸ ವ್ಯವಸ್ಥೆಯನ್ನೇ ಮತ್ತೆ ಸ್ಥಾಪಿಸಲು ಹೊರಟವರೂ ಉಂಟು.

‘ಐಪಿ ಲಿಂಕ್’ ಎಂಬ ಆಜ್ಞೆಯನ್ನು ಬರೆಸಿದಾಗ ಪರದೆಯ ಮೇಲೆ ‘ನೋ ಕ್ಯಾರಿಯರ್’ ಎಂದು ಬಂತು. ತಂತಿಯ ಆ ತುದಿಯಲ್ಲಿ ಯಾರೂ ಇರುವ ಸುಳಿವಿಲ್ಲ ಎಂದರ್ಥ. ಮಾಸ್ತರರ ಹೆಂಡತಿ ಇಲಿಯ ಮೇಲೆ ಸಂಶಯಪಟ್ಟರು. “ಗವಾಕ್ಷ್ಯಾಗ ಹಾಕಬ್ಯಾಡ್ರಿ ಅಂತ ಮೊದಲೇ ಹೇಳಿದ್ದೆ” ಎಂಬ ಮಾತೂ ಬಂತು. ತಂತಿಯನ್ನು ಇಡಿಯಾಗಿ ತಡವಿ ನೋಡಿದರೂ ಹಲ್ಲಿನ ಗುರುತಿರಲಿಲ್ಲ. ಪ್ಲಗ್ಗಿನ ಮೇಲಿರುವ ಪುಟ್ಟ ಪ್ಲಾಸ್ಟಿಕ್ ಕೊಕ್ಕೆ ಗೋಡೆಯ ಕಿಂಡಿಯಲ್ಲಿ ತೂರಿಸುವಾಗ ಮುರಿದಿತ್ತು, ಅಷ್ಟೆ. ಕೊಕ್ಕೆಯಿಲ್ಲದ ಪ್ಲಗ್ಗು ಒಳಹೋದಂತೆ ಕಂಡರೂ ಕೂದಲೆಳೆಯಷ್ಟು ಹಿಂದೆ ಸರಿಯುತ್ತದೆ. ಅದನ್ನು ಒತ್ತಿ, ಕೆಳಗೆ ಮಡಿಸಿದ ರಟ್ಟನ್ನು ಸಿಕ್ಕಿಸಿದ ಕೂಡಲೆ ಎರಡೂ ಕಡೆ ಹಸುರು ದೀಪ ಹೊತ್ತಿತು. ಹಿಂದೆಲ್ಲ ಎರಡು ಗಣಕಗಳನ್ನು ನೇರವಾಗಿ ಕೂಡಿಸಲು ಎಳೆಗಳನ್ನು ಅಡ್ಡ ತಿರುಗಿಸಿದ ಬೇರೆ ತಂತಿಯೇ ಬೇಕಿತ್ತು. ಈಗಿನವು ಯಾವುದು ಕಿವಿ, ಯಾವುದು ಬಾಯಿ ಎಂಬುದನ್ನು ತಾವೇ ನಿರ್ಧರಿಸಿಕೊಳ್ಳುತ್ತವೆ.

ದೀಪ ಹೊತ್ತಿದರೂ ಮಾತು ಹೊರಡಲಿಲ್ಲ. ಹೊಸ ಯಂತ್ರದ ಪರದೆಯ ಮೂಲೆಯಲ್ಲಿ ಒಂದು ಚಕ್ರ ತಿರುಗುತ್ತ, ಕೊನೆಗೆ ‘ಸಂಪರ್ಕ ವಿಫಲ’ವೆಂದು ಹೇಳಿ, ಮತ್ತೆ ತಿರುಗತೊಡಗುತ್ತಿತ್ತು. ಅದಕ್ಕೆ ಬೇಕಾಗಿದ್ದದ್ದು ವಿಳಾಸ. ಪಟ್ಟಣದ ಮನೆಗಳಲ್ಲಿ ರೌಟರ್ ಎಂಬ ಡಬ್ಬಿ ಬಂದ ಯಂತ್ರಕ್ಕೆಲ್ಲ ವಿಳಾಸ ಹಂಚುತ್ತದೆ; ಹೊಸ ಯಂತ್ರ ಆ ದಾನಿಗಾಗಿ ಕಾಯುತ್ತಿತ್ತು. ಇಲ್ಲಿ ಇದ್ದದ್ದು ಎರಡು ಯಂತ್ರ, ಒಂದು ತಂತಿ. ಹಳೆಯದಕ್ಕೆ ಎಂದೋ ಯಾರೋ 192.168.1.10 ಎಂಬ ವಿಳಾಸವನ್ನು ಕೈಯಿಂದ ಬರೆದಿಟ್ಟಿದ್ದರು. ಹೊಸದಕ್ಕೂ ಕೈಯಿಂದಲೇ ಕೊಡಬೇಕಾಯಿತು. ಮೊಮ್ಮಗಳು ಹೇಳಿದ್ದನ್ನು ಅಂಕಿ ತಿರುಗಿಸಿ ಮಾಸ್ತರರು 192.168.10.1 ಎಂದು ಬರೆದರು. ‘ಅಲ್ಲಿಗೆ ದಾರಿಯೇ ಇಲ್ಲ’ ಎಂಬರ್ಥದ ಉತ್ತರ ಬಂತು.

“ಮೊದಲಿನ ಮೂರು ಅಂಕಿ ಓಣಿ ಮುತ್ಯಾ, ಕಡೀದು ಮನಿ ನಂಬರ. ಓಣಿ ಒಂದೇ ಇರಬೇಕು, ಮನಿ ಬ್ಯಾರೆ ಇರಬೇಕು.”

ಶಿಕ್ಷಕರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಲಿಲ್ಲ. ಹೊಸದಕ್ಕೆ 192.168.1.20 ಎಂದು ಕೊಟ್ಟು, ಓಣಿಯ ಎಲ್ಲೆಯನ್ನು 255.255.255.0 ಎಂದು ಬರೆದು, ‘ಗೇಟ್‌ವೇ’ ಎಂಬ ಜಾಗವನ್ನು ಖಾಲಿ ಬಿಟ್ಟರು. ಖಾಲಿ ಬಿಟ್ಟದ್ದರಲ್ಲಿ ಒಂದು ಜಾಣ್ಮೆಯಿದೆ. ಅಲ್ಲಿ ಹಳೆಯ ಯಂತ್ರದ ವಿಳಾಸ ಬರೆದಿದ್ದರೆ, ಹೊಸ ಯಂತ್ರ ಮೊಬೈಲಿನ ಮೂಲಕ ಪಡೆಯುತ್ತಿದ್ದ ಅಂತರಜಾಲವನ್ನು ಬಿಟ್ಟು ಲೋಕವೆಲ್ಲ ಪಡಸಾಲೆಯಲ್ಲೇ ಇದೆಯೆಂದು ತಿಳಿದು ಅತ್ತಲೇ ಮುಖ ಮಾಡಿಬಿಡುತ್ತಿತ್ತು. 192.168 ಎಂದು ತೊಡಗುವ ವಿಳಾಸಗಳನ್ನು 1994ರಿಂದ ಮನೆ–ಕಚೇರಿಗಳ ಒಳಬಳಕೆಗೆಂದೇ ಮೀಸಲಿಡಲಾಗಿದೆ. ಅದೇ ಅಂಕಿ ಕಿಣ್ಣಿ ಸುಲ್ತಾನದಲ್ಲೂ ಕ್ಯಾಲಿಫೋರ್ನಿಯದಲ್ಲೂ ಏಕಕಾಲಕ್ಕೆ ಇರಬಹುದು. ‘ಅವ್ವ’ ಎಂಬ ಹೆಸರು ಮನೆಮನೆಯಲ್ಲೂ ಇರುವಂತೆ.

ಆಮೇಲೆ ಪಿಂಗ್. ಒಂದು ಯಂತ್ರ ಇನ್ನೊಂದನ್ನು ‘ಇದ್ದೀಯಾ?’ ಎಂದು ಕೇಳುವುದು, ಅದು ‘ಇದ್ದೇನೆ’ ಎನ್ನುವುದು. ಪಿಂಗ್ ಎಂದರೆ ಇಷ್ಟೇ. 1983ರ ಡಿಸೆಂಬರಿನಲ್ಲಿ ಅಮೆರಿಕದ ಸೈನ್ಯದ ಪ್ರಯೋಗಾಲಯದಲ್ಲಿ ಮೈಕ್ ಮೂಸ್ ಎಂಬಾತ, ಸಂಪರ್ಕವೊಂದು ಸರಿಯಾಗಿ ನಡೆಯದೆ ಕಾಡಿದಾಗ ಬರೆದ ಪುಟ್ಟ ಸಾಧನ. ಜಲಾಂತರ್ಗಾಮಿಗಳು ನೀರಿನಲ್ಲಿ ಸದ್ದು ಬಿಟ್ಟು ಪ್ರತಿಧ್ವನಿ ಕೇಳುವ ರೀತಿಯಿಂದ ಹೆಸರು ಬಂತು. ಮಾಸ್ತರರು ಒತ್ತಿದರು, ಉತ್ತರಗಳು ಸಾಲುಸಾಲಾಗಿ ಬಂದವು. ಗೋಡೆಯಾಚೆಯ ಯಂತ್ರ ಓಗೊಟ್ಟಿತ್ತು. ಮಾಸ್ತರರು ಹಾಜರಿ ಕೂಗಿದ ಹಳೆಯ ಸುಖದಲ್ಲಿ ಅದನ್ನು ನಿಲ್ಲಿಸಲು ಮರೆತು ಐದು ನಿಮಿಷ ನೋಡುತ್ತ ಕುಳಿತರು.

ಇನ್ನು ಕಡತ ಸಾಗಿಸುವ ಕೆಲಸ. ಅದಕ್ಕೆ ಹಳೆಯ ಯಂತ್ರದಲ್ಲಿ ಎಸ್‌ಎಸ್‌ಎಚ್ ಎಂಬ ದ್ವಾರಪಾಲಕ ಎಚ್ಚರವಿರಬೇಕು. ಮೊದಲ ಸಲ ‘ಸಂಪರ್ಕ ನಿರಾಕರಿಸಲಾಯಿತು’ ಎಂದಿತು. ಮಾಸ್ತರರು ನಿರಾಶರಾದರು, ಮೊಮ್ಮಗಳಿಗೆ ಸಂತೋಷವಾಯಿತು. ನಿರಾಕರಣೆ ಒಳ್ಳೆಯ ಸಮಾಚಾರ. ಮನೆಯಲ್ಲಿ ಯಾರೋ ಇದ್ದು ‘ಇಲ್ಲ’ವೆಂದರು, ಯಾರೂ ಇಲ್ಲದ ಮನೆಯಾದರೆ ಉತ್ತರವೇ ಬಾರದು. ಹಳೆಯ ಯಂತ್ರದಲ್ಲಿ ಒಂದು ಸಾಲು ಬರೆದು ಪಾಲಕನನ್ನು ಎಬ್ಬಿಸಿದ್ದಾಯಿತು. ‘ಆರ್‌ಸಿಂಕ್’ ಎಂಬ ಸಾಗಣೆಗಾರನಿಗೆ ಕೆಲಸ ಒಪ್ಪಿಸಿದ್ದೂ ಆಯಿತು. ಮೊದಲ ಪದ ಹೊರಟಿತು. ಕಾಲುಭಾಗ ಬಂದು ನಿಂತಿತು. ಕೊಂಚ ಸರಿಯಿತು, ಮತ್ತೆ ನಿಂತಿತು. ಅತ್ತ ಡಿಸ್ಕು ಟಕ್ ಟಕ್ ಎನ್ನುತ್ತಲೇ ಇತ್ತು.

ಕಷ್ಟವೆಂದರೆ ಇದು. ಪೂರಾ ಸತ್ತ ತಂತಿ ಮೋಸ ಮಾಡುವುದಿಲ್ಲ. ಅರೆಜೀವದ ತಂತಿ ದೀಪ ತೋರಿಸುತ್ತದೆ, ಪಿಂಗಿಗೆ ಉತ್ತರ ಕೊಡುತ್ತದೆ, ಭಾರ ಹೊರುವ ಹೊತ್ತಿಗೆ ಮೊಣಕಾಲೂರುತ್ತದೆ. ಕುಶಲ ಕೇಳಿದರೆ ಚೆನ್ನಾಗಿ ಮಾತಾಡಿ ಸಾಲ ಕೇಳಿದರೆ ಕಾಣೆಯಾಗುವ ನೆಂಟನಂತೆ. ತಪ್ಪು ಸಾಯುತ್ತಿರುವ ಡಿಸ್ಕಿನದೋ ತಂತಿಯದೋ ಎಂಬುದನ್ನು ಮೊದಲು ಬೇರ್ಪಡಿಸಬೇಕಿತ್ತು. ಸಾಮಾನ್ಯ ಪಿಂಗ್ 56 ಬೈಟುಗಳ ಚೀಟಿ. ಅದನ್ನು 1400ಕ್ಕೆ ಹಿಗ್ಗಿಸಿ ಕಳಿಸಲು ಮೊಮ್ಮಗಳು ಹೇಳಿದಳು. ಸಣ್ಣ ಚೀಟಿಗಳೆಲ್ಲ ಮುಟ್ಟುತ್ತಿದ್ದವು. ದೊಡ್ಡವುಗಳಲ್ಲಿ ಎಷ್ಟೋ ದಾರಿಯಲ್ಲಿ ಕಳೆದುಹೋದವು. ಪಿಂಗಿಗೂ ಡಿಸ್ಕಿಗೂ ಸಂಬಂಧವಿಲ್ಲ. ಯಂತ್ರವೇ ಇಟ್ಟುಕೊಂಡಿದ್ದ ಲೆಕ್ಕದಲ್ಲಿ ‘ದೋಷ’ವೆಂಬ ಕಲಮಿನ ಅಂಕಿ, ನೋಡಿದಾಗಲೆಲ್ಲ ಏರಿರುತ್ತಿತ್ತು. ಅಪರಾಧಿ ತಂತಿಯೇ.

“ಪ್ಲಗ್ಗಿನ ಒಳಗ ಬಣ್ಣ ಹ್ಯಾಂಗ ಕುಂತಾವ, ಓದಿ ಹೇಳು ಮುತ್ಯಾ.”

ಮಾಸ್ತರರು ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ಓದಿದರು: ಬಿಳಿಕಿತ್ತಳೆ, ಕಿತ್ತಳೆ, ಬಿಳಿಹಸುರು, ಹಸುರು, ಬಿಳಿನೀಲಿ, ನೀಲಿ, ಬಿಳಿಕಂದು, ಕಂದು. ಕೇಳಿದವರಿಗೆ ಇದಕ್ಕಿಂತ ಅಚ್ಚುಕಟ್ಟಾದ ಕ್ರಮವಿಲ್ಲವೆನಿಸುತ್ತದೆ. ದೋಷವಿದ್ದದ್ದು ಆ ಅಚ್ಚುಕಟ್ಟಿನಲ್ಲಿಯೇ.

ಈ ತಂತಿಯೊಳಗೆ 8 ಎಳೆಗಳು, ಎರಡೆರಡು ಹೊಸೆದ 4 ಜೋಡಿಗಳು. ಹಗ್ಗ ಹುರಿಗೊಳಿಸಿದಂತೆ ಜೋಡಿಯನ್ನು ಹೊಸೆಯುವುದು ಅಂದಕ್ಕಲ್ಲ. ಜೋಡಿಯ ಎರಡೂ ಎಳೆಗಳಲ್ಲಿ ಒಂದೇ ಸಂಕೇತ ಒಂದಕ್ಕೊಂದು ವಿರುದ್ಧವಾಗಿ ಹರಿಯುತ್ತದೆ. ಹೊರಗಿನ ಗದ್ದಲ ಬಡಿದರೆ ಒಟ್ಟಿಗಿರುವ ಎರಡಕ್ಕೂ ಸಮನಾಗಿ ಬಡಿಯುತ್ತದೆ. ಆ ತುದಿಯಲ್ಲಿ ಒಂದರಿಂದ ಇನ್ನೊಂದನ್ನು ಕಳೆದಾಗ ಗದ್ದಲ ಮಾಯವಾಗಿ ಮಾತು ಉಳಿಯುತ್ತದೆ. ದೂರವಾಣಿಯ ಗ್ರಹಾಂ ಬೆಲ್ 1881ರಲ್ಲಿಯೇ ಕಂಡುಕೊಂಡ ಉಪಾಯವಿದು. 100 ಮೆಗಾಬಿಟ್ ವೇಗದ ತಂತಿಯಲ್ಲಿ 1–2ನೆಯ ಸ್ಥಾನ ಒಂದು ದಿಕ್ಕಿಗೆ, 3–6ನೆಯ ಸ್ಥಾನ ಇನ್ನೊಂದು ದಿಕ್ಕಿಗೆ. ನಡುವಿನ 4–5 ದೂರವಾಣಿಯ ಕಾಲದಿಂದ ಆ ಜೋಡಿಗೇ ಮೀಸಲು. ಆದ್ದರಿಂದ ಹಸುರು ಜೋಡಿ ನೀಲಿ ಜೋಡಿಯನ್ನು ನಡುವಿಗೆ ಬಿಟ್ಟು 3 ಮತ್ತು 6ರಲ್ಲಿ ಕೂರಬೇಕು. ಅಂಗಡಿಯ ಹುಡುಗ ನೋಟಕ್ಕೆ ಸೊಗಸಾಗಿ ಹಸುರಿನ ಪಕ್ಕ ಹಸುರು, ನೀಲಿಯ ಪಕ್ಕ ನೀಲಿ ಇಟ್ಟಿದ್ದ. ಹೀಗೆ 3ರಲ್ಲಿ ಹಸುರು ಜೋಡಿಯ ಒಂದೆಳೆ, 6ರಲ್ಲಿ ನೀಲಿ ಜೋಡಿಯ ಒಂದೆಳೆ. ತುದಿಯಿಂದ ತುದಿಗೆ ವಿದ್ಯುತ್ತು ಹರಿಯುತ್ತದೆ, ದೀಪ ಹೊತ್ತುತ್ತದೆ. ಆದರೆ ಸತಿಪತಿಗಳನ್ನು ಅದಲುಬದಲು ಮಾಡಿ ಕೂರಿಸಿದ ಮದುವೆ ಅದು.

ಮಳೆ ಬಿದ್ದು ದಾರಿ ಕೆಸರಾಗಿತ್ತು. ಆಳಂದಕ್ಕೆ ಹೋಗಿ ಪ್ಲಗ್ಗು ಬದಲಿಸಿಕೊಂಡು ಬರುವಷ್ಟರಲ್ಲಿ ಡಿಸ್ಕು ಉಸಿರು ಬಿಟ್ಟರೇನು ಗತಿ? ದಾರಿ ತೋರಿದ್ದು ಮೊಮ್ಮಗಳೇ. “ಓಡಲಾರದವನಿಗೆ ನಡೀ ಅನ್ನೋಣ ಮುತ್ಯಾ.” ಹೊಸ ಯಂತ್ರಕ್ಕೆ ‘ಈಥ್‌ಟೂಲ್’ ಎಂಬ ಆಜ್ಞೆಯ ಮೂಲಕ, ವೇಗದ ಸಂಧಾನದಲ್ಲಿ ಹತ್ತಕ್ಕಿಂತ ಹೆಚ್ಚಿನದನ್ನು ಒಪ್ಪಬೇಡವೆಂದು ಬರೆಸಿದಳು. ನೂರರ ಬದಲು ಹತ್ತು ಮೆಗಾಬಿಟ್; 1990ರ ಸುಮಾರಿನ ಈಥರ್ನೆಟ್ಟಿನ ನಡಿಗೆ. ನಿಧಾನದ ಸಂಕೇತಕ್ಕೆ ಗದ್ದಲವನ್ನು ತಡೆದುಕೊಳ್ಳುವ ಶಕ್ತಿ ಹೆಚ್ಚು. ದೋಷದ ಅಂಕಿ ಏರುವುದು ನಿಂತಿತು. ಒಂದೊಂದು ಪದ ಸುಮಾರು 40 ಮೆಗಾಬೈಟ್. ಒಟ್ಟು ಎರಡೂವರೆ ಗಿಗಾಬೈಟು. ಸೆಕೆಂಡಿಗೆ ಒಂದು ಮೆಗಾಬೈಟಿನಂತೆ ಮುಕ್ಕಾಲು ಗಂಟೆಯ ಪ್ರಯಾಣ.

ಇಪ್ಪತ್ತೇಳು ಪದ ಬಂದಾಗ ಕರೆಂಟು ಹೋಯಿತು.

ಹಳ್ಳಿಯಲ್ಲಿ ಕರೆಂಟು ಹೋಗುವುದು ಸುದ್ದಿಯಲ್ಲ. ಆದರೆ ನಿಂತ ಡಿಸ್ಕು ಮತ್ತೆ ತಿರುಗೀತೆಂಬ ಭರವಸೆ ಯಾರಿಗೂ ಇರಲಿಲ್ಲ. ಮಾಸ್ತರರು ಕತ್ತಲೆಯಲ್ಲಿ ಎರಡು ತಾಸು ಪಡಸಾಲೆಯಲ್ಲೇ ಕುಳಿತರು. ಹೆಂಡತಿ ರೊಟ್ಟಿಯ ತಾಟನ್ನು ಅಲ್ಲಿಗೇ ತಂದಿಟ್ಟರು; ಇಲಿಯ ಮಾತೆತ್ತಲಿಲ್ಲ. ಕರೆಂಟು ಬಂದು ಗುಂಡಿ ಒತ್ತಿದಾಗ ಮೊದಲ ಸಲ ಯಂತ್ರ ಏಳಲಿಲ್ಲ; ಎರಡನೆಯ ಸಲವೂ ಇಲ್ಲ; ಮೂರನೆಯ ಸಲ ಬಹಳ ಹೊತ್ತು ಟಕಟಕಿಸಿ ಎದ್ದಿತು. ವೇಗದ ಕಟ್ಟಳೆಯೂ ದ್ವಾರಪಾಲಕನ ಎಚ್ಚರವೂ ಯಂತ್ರ ಆರಿದರೆ ಮರೆತುಹೋಗತಕ್ಕವು. ಮಾಸ್ತರರು ಎಲ್ಲವನ್ನೂ ಹಾಜರಿ ಪುಸ್ತಕದ ಹಿಂಬದಿಯಲ್ಲಿ ಬರೆದಿಟ್ಟುಕೊಂಡಿದ್ದರು. ಮೊಮ್ಮಗಳನ್ನು ಎಬ್ಬಿಸದೆ ತಾವೇ ಒಂದೊಂದು ಸಾಲನ್ನೂ ಮತ್ತೆ ಹೊಡೆದರು. ಆರ್‌ಸಿಂಕಿನ ಗುಣವೆಂದರೆ ಮೊದಲಿನಿಂದ ತೊಡಗುವುದಿಲ್ಲ. ಬಂದದ್ದನ್ನು ಗುರುತಿಸಿ ಬಾರದ್ದನ್ನು ಮಾತ್ರ ತರುತ್ತದೆ. ಇಪ್ಪತ್ತೆಂಟನೆಯದು ಬಂತು.

ನಡುರಾತ್ರಿಯ ಹೊತ್ತಿಗೆ 60 ಪದಗಳು ಗೋಡೆಯನ್ನು ದಾಟಿದ್ದವು. ಉಳಿದ 3ನ್ನು ಡಿಸ್ಕು ಓದಿಕೊಡಲಿಲ್ಲ. ಎಷ್ಟು ಸಲ ಕೇಳಿದರೂ ಅದೇ ದೋಷ. ಮರುದಿನ ಬೆಳಿಗ್ಗೆ ಹಳೆಯ ಯಂತ್ರ ಏಳಲೇ ಇಲ್ಲ.

ಬಂದವುಗಳನ್ನು ಒಂದೊಂದಾಗಿ ಹಚ್ಚಿ ನೋಡುತ್ತಿದ್ದಾಗ ಮಾಸ್ತರರ ಹೆಂಡತಿ ಬಾಗಿಲಲ್ಲಿ ಬಂದು ನಿಂತರು. ಬೀಸುಕಲ್ಲಿನ ಗುರುಗುರು ಸದ್ದಿನ ಮೇಲೆ ಅತ್ತೆಯ ದನಿ ಏರುತ್ತಿತ್ತು. ಒಂದು ಪದದ ನಡುವೆ ಅತ್ತೆ ಹಾಡು ನಿಲ್ಲಿಸಿ, ಹಾಲು ಉಕ್ಕಲತ್ತಾದ ನೋಡೆಂದು ಸೊಸೆಯನ್ನು ಗದರಿದ್ದೂ, ‘ನೋಡ್ತೀನ್ರಿ’ ಎಂದು ಒಂದು ಎಳೆಯ ದನಿ ದೂರದಿಂದ ಉತ್ತರ ಕೊಟ್ಟದ್ದೂ ಕೇಳಿಸಿತು. ಆಕೆ ಒಳಗೆ ಬಂದು ನೆಲದ ಮೇಲೆ ಕುಳಿತರು. “ಇನ್ನೊಮ್ಮೆ ಹಚ್ರಿ” ಎಂದರು.

ಮುಂದಿನ ಸಂತೆಯ ದಿನ ಮಾಸ್ತರರು ತಂತಿಯನ್ನು ಆಳಂದಕ್ಕೆ ಒಯ್ದು, ಬಣ್ಣಗಳ ಕ್ರಮವನ್ನು ಚೀಟಿಯಲ್ಲಿ ಬರೆದುಕೊಟ್ಟು ಹೊಸ ಪ್ಲಗ್ಗು ಕೂಡಿಸಿಕೊಂಡು ಬಂದರು. ಕಾಣದ 3 ಪದಗಳಲ್ಲಿ 2 ತಮಗೆ ಬರುತ್ತವೆಯೆಂದು ಹೆಂಡತಿ ಹೇಳಿದ್ದರು. ಆಕೆ ಹಾಡಿದ್ದನ್ನು ಹೊಸ ಯಂತ್ರದಲ್ಲಿ ತುಂಬಿಸಿ, ಅಂದೇ ಸಂಜೆ ಒಂದು ಪ್ರತಿಯನ್ನು ಪೆನ್‌ಡ್ರೈವಿಗೂ, ಇನ್ನೊಂದನ್ನು ಕಡಗಂಚಿಗೂ ಕಳಿಸಿದರು. ಮೂರನೆಯ ಪದದ ಧಾಟಿ ಇಬ್ಬರಿಗೂ ನೆನಪಿದೆ; ಸೊಲ್ಲು ನೆನಪಾಗಿಲ್ಲ.